ಸಿವಿಲ್ ಇಂಜಿನಿಯರುಗಳ ವೃತ್ತಿಪರ ಸಂಘಗಳು ಹಾಗೂ ಕಟ್ಟಡ ಪರವಾನಗಿ: ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಮತ್ತು ಪೀಣ್ಯ ಪ್ರದೇಶಗಳಲ್ಲಿ ಮನೆ, ವಸತಿಗೃಹ, ಕಾರ್ಯಾಗಾರ ಅಥವಾ ಕಾರ್ಖಾನೆ ನಿರ್ಮಿಸಲು ಅರ್ಜಿ ಸಲ್ಲಿಸುವ ಸಾರ್ವಜನಿಕರು ತಮ್ಮ ನಕ್ಷೆಗೆ ಇಂಜಿನಿಯರೊಬ್ಬರ ಸಹಿಯನ್ನು ಪಡೆಯಬೇಕಾಗುತ್ತದೆ. ಇಂಜಿನಿಯರ್ ತಾವು ಇಂತಹ ಸಂಘದ ಸದಸ್ಯರೆಂದು ತಿಳಿಸಿದಾಗ, ಅದನ್ನೇ ಸರ್ಕಾರದ ಪರವಾನಗಿ ಎಂದು ಅನೇಕ ಅರ್ಜಿದಾರರು ಭಾವಿಸುತ್ತಾರೆ. ಈ ಭಾವನೆ ಸರಿಯಲ್ಲ. ವೃತ್ತಿಪರ ಸಂಘದ ಸದಸ್ಯತ್ವ ಬೇರೆ. ನಕ್ಷೆ ಮಂಜೂರು ಮಾಡುವ ಪ್ರಾಧಿಕಾರದಲ್ಲಿನ ನೋಂದಣಿ ಬೇರೆ. ಕಟ್ಟಡದ ಸದೃಢತೆಗೆ ಸಹಿ ಹಾಕಿ ವಹಿಸಿಕೊಳ್ಳುವ ಹೊಣೆ ಇನ್ನೂ ಬೇರೆ. ಈ ಮೂರರ ನಡುವಿನ ವ್ಯತ್ಯಾಸವನ್ನು ಹಾಗೂ ಸಂಘಗಳಿಂದ ಸಾರ್ವಜನಿಕರಿಗೆ ದೊರೆಯಬಹುದಾದ ನೆರವನ್ನು ಇಲ್ಲಿ ವಿವರಿಸಲಾಗಿದೆ.

2. ಪ್ರಮುಖ ಸಂಘಗಳ ಪರಿಚಯ

(ಅ) ಇನ್‌ಸ್ಟಿಟ್ಯೂಷನ್ ಆಫ್ ಇಂಜಿನಿಯರ್ಸ್ (ಇಂಡಿಯಾ): 1920ರಲ್ಲಿ ಸ್ಥಾಪಿತವಾದ ಈ ಸಂಸ್ಥೆಗೆ 1935ರಲ್ಲಿ ರಾಜ ಸನ್ನದು ದೊರೆಯಿತು. ಇದರ ಕೇಂದ್ರ ಕಚೇರಿ ಕೋಲ್ಕತ್ತದಲ್ಲಿದೆ. ಕರ್ನಾಟಕ ರಾಜ್ಯ ಕೇಂದ್ರವು ಬೆಂಗಳೂರಿನ ಡಾ. ಅಂಬೇಡ್ಕರ್ ವೀಧಿಯಲ್ಲಿದೆ. ಇಲ್ಲಿ ಸಿವಿಲ್ ಮಾತ್ರವಲ್ಲದೆ ಎಲ್ಲ ಶಾಖೆಗಳ ಇಂಜಿನಿಯರುಗಳೂ ಸದಸ್ಯರಾಗಬಹುದು. ಇಂಜಿನಿಯರುಗಳ ಹೆಸರಿನ ಮುಂದೆ ಕಾಣುವ ಎ.ಎಂ.ಐ.ಇ., ಎಂ.ಐ.ಇ. ಹಾಗೂ ಎಫ್.ಐ.ಇ. ಎಂಬ ಅಕ್ಷರಗಳು ಈ ಸಂಸ್ಥೆಯ ಸದಸ್ಯತ್ವದ ಶ್ರೇಣಿಗಳನ್ನು ಸೂಚಿಸುತ್ತವೆ. ಸರ್ ಎಂ. ವಿಶ್ವೇಶ್ವರಯ್ಯನವರ ಜನ್ಮದಿನವಾದ ಸೆಪ್ಟೆಂಬರ್ 15ರಂದು ಇಂಜಿನಿಯರುಗಳ ದಿನವನ್ನು ಆಚರಿಸಲಾಗುತ್ತದೆ.

(ಆ) ಅಸೋಸಿಯೇಷನ್ ಆಫ್ ಕನ್ಸಲ್ಟಿಂಗ್ ಸಿವಿಲ್ ಇಂಜಿನಿಯರ್ಸ್ (ಇಂಡಿಯಾ): ಸಲಹಾ ವೃತ್ತಿಯಲ್ಲಿರುವ ಸಿವಿಲ್ ಇಂಜಿನಿಯರುಗಳಿಗಾಗಿಯೇ 1985ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸಂಘ ಇದಾಗಿದೆ. ಇದರ ಕೇಂದ್ರ ಕಚೇರಿಯೂ ಬೆಂಗಳೂರಿನಲ್ಲಿಯೇ ಇದ್ದು, ದೇಶದ ಹಲವು ನಗರಗಳಲ್ಲಿ ಇದರ ಕೇಂದ್ರಗಳಿವೆ. ಕಟ್ಟಡದ ವಿನ್ಯಾಸ, ರಚನಾ ಲೆಕ್ಕಾಚಾರ ಮತ್ತು ಮೇಲ್ವಿಚಾರಣೆಯನ್ನು ಶುಲ್ಕ ಪಡೆದು ನಿರ್ವಹಿಸುವ ಇಂಜಿನಿಯರುಗಳಿಗೆ ಸಂಬಂಧಿಸಿದ್ದರಿಂದ, ಅರ್ಜಿದಾರರಿಗೆ ಹೆಚ್ಚು ಹತ್ತಿರದ ಸಂಘವೆಂದು ಇದನ್ನು ಪರಿಗಣಿಸಬಹುದು.

(ಇ) ವಿಷಯಾಧಾರಿತ ಸಂಸ್ಥೆಗಳು: ಕಾಂಕ್ರೀಟ್‌ಗೆ ಸಂಬಂಧಿಸಿದ ಇಂಡಿಯನ್ ಕಾಂಕ್ರೀಟ್ ಇನ್‌ಸ್ಟಿಟ್ಯೂಟ್ ಹಾಗೂ ಮಣ್ಣು ಮತ್ತು ಅಡಿಪಾಯಕ್ಕೆ ಸಂಬಂಧಿಸಿದ ಇಂಡಿಯನ್ ಜಿಯೋಟೆಕ್ನಿಕಲ್ ಸೊಸೈಟಿಗಳ ಶಾಖೆಗಳೂ ಬೆಂಗಳೂರಿನಲ್ಲಿವೆ.

ಗಮನಿಸಿ: ಗುತ್ತಿಗೆದಾರರ ಸಂಘಗಳು ಹಾಗೂ ಕಟ್ಟಡ ಪ್ರವರ್ತಕರ ಒಕ್ಕೂಟಗಳು ಇಂಜಿನಿಯರುಗಳ ಸಂಘಗಳಲ್ಲ. ಅವು ಆಯಾ ಉದ್ಯಮದವರ ಹಿತಾಸಕ್ತಿಗಾಗಿ ಇರುವ ಸಂಘಟನೆಗಳು. ಅವುಗಳ ಸದಸ್ಯತ್ವವು ತಾಂತ್ರಿಕ ವಿದ್ಯಾರ್ಹತೆಯ ಸೂಚಕವಲ್ಲ.

3. ಸಂಘಗಳ ಕಾರ್ಯಗಳು

ವೃತ್ತಿಪರ ಸಂಘಗಳು ಸಾಮಾನ್ಯವಾಗಿ ಈ ಕೆಳಕಂಡ ಕಾರ್ಯಗಳನ್ನು ನಿರ್ವಹಿಸುತ್ತವೆ.

• ಸದಸ್ಯರಾಗಬಯಸುವವರ ವಿದ್ಯಾರ್ಹತೆ ಹಾಗೂ ಅನುಭವವನ್ನು ಪರಿಶೀಲಿಸಿ ಸದಸ್ಯತ್ವ ನೀಡುವುದು.
• ಭಾರತೀಯ ಮಾನಕ ಸಂಹಿತೆಗಳು ಪರಿಷ್ಕರಣೆಯಾದಾಗ ಸದಸ್ಯರಿಗೆ ಉಪನ್ಯಾಸ, ಕಾರ್ಯಾಗಾರ ಹಾಗೂ ತರಬೇತಿಗಳನ್ನು ಏರ್ಪಡಿಸುವುದು.
• ವೃತ್ತಿ ನೀತಿಸಂಹಿತೆಯನ್ನು ರೂಪಿಸಿ, ಅದನ್ನು ಉಲ್ಲಂಘಿಸಿದ ಸದಸ್ಯರ ಮೇಲೆ ತಮ್ಮ ನಿಯಮಾವಳಿಯಂತೆ ಕ್ರಮ ಕೈಗೊಳ್ಳುವುದು.
• ಕಟ್ಟಡ ಉಪವಿಧಿಗಳ ಕರಡು ಪ್ರಕಟವಾದಾಗ ಸರ್ಕಾರಕ್ಕೆ ತಾಂತ್ರಿಕ ಅಭಿಪ್ರಾಯ ಸಲ್ಲಿಸುವುದು.
• ವಿವಾದಗಳಲ್ಲಿ ತಜ್ಞರ ಅಭಿಪ್ರಾಯ ಬೇಕಾದಲ್ಲಿ ಅನುಭವಿ ಸದಸ್ಯರನ್ನು ಸೂಚಿಸುವುದು.

ಇವುಗಳಲ್ಲಿ ಎರಡನೆಯ ಕಾರ್ಯವು ಅರ್ಜಿದಾರರಿಗೆ ನೇರವಾಗಿ ಕಾಣದಿದ್ದರೂ ಬಹಳ ಮುಖ್ಯವಾದುದು. ಇಪ್ಪತ್ತು ವರ್ಷಗಳ ಹಿಂದೆ ಪದವಿ ಪಡೆದ ಇಂಜಿನಿಯರ್ ಇಂದು ಮಾಡುವ ವಿನ್ಯಾಸವು ಇಂದಿನ ಸಂಹಿತೆಗೆ ಅನುಗುಣವಾಗಿರಬೇಕು. ಪದವಿಯ ನಂತರದ ಈ ಕಲಿಕೆಗೆ ಸಂಘಗಳು ಅವಕಾಶ ಕಲ್ಪಿಸುತ್ತವೆ.

4. ಸದಸ್ಯತ್ವ, ನೋಂದಣಿ ಮತ್ತು ಹೊಣೆ: ವ್ಯತ್ಯಾಸ

(ಅ) ಸದಸ್ಯತ್ವ: ಇದನ್ನು ಸಂಘವು ನೀಡುತ್ತದೆ. ಇಂಜಿನಿಯರ್ ತಮ್ಮ ವೃತ್ತಿಬಾಂಧವರ ನಡುವೆ ಮಾನ್ಯತೆ ಪಡೆದಿದ್ದಾರೆ ಎಂಬುದಕ್ಕೆ ಇದು ಒಂದು ಸೂಚನೆ. ಸದಸ್ಯತ್ವ ಚೀಟಿಯೊಂದನ್ನೇ ಆಧರಿಸಿ ಯಾವುದೇ ಕಚೇರಿಯು ನಕ್ಷೆಯನ್ನು ಸ್ವೀಕರಿಸುವುದಿಲ್ಲ. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಅಡಿಯಲ್ಲಿ ನೋಂದಾಯಿಸಲ್ಪಟ್ಟ ಮಾತ್ರಕ್ಕೆ ಯಾವುದೇ ಸಂಘಕ್ಕೆ ಪರವಾನಗಿ ನೀಡುವ ಅಧಿಕಾರ ಪ್ರಾಪ್ತವಾಗುವುದಿಲ್ಲ ಎಂಬುದನ್ನು ಗಮನಿಸತಕ್ಕದ್ದು.

(ಆ) ನೋಂದಣಿ: ಇದನ್ನು ಸ್ಥಳೀಯ ಪ್ರಾಧಿಕಾರವು ಕಟ್ಟಡ ಉಪವಿಧಿಗಳ ಪ್ರಕಾರ ನೀಡುತ್ತದೆ. ವಿದ್ಯಾರ್ಹತೆ ಮತ್ತು ಅನುಭವವನ್ನು ಅನುಸರಿಸಿ ವಾಸ್ತುಶಿಲ್ಪಿ, ಇಂಜಿನಿಯರ್ ಮತ್ತು ಮೇಲ್ವಿಚಾರಕ ಎಂಬ ವರ್ಗಗಳಿದ್ದು, ಪ್ರತಿ ವರ್ಗದವರೂ ನಿರ್ವಹಿಸಬಹುದಾದ ಕಟ್ಟಡದ ಪ್ರಮಾಣಕ್ಕೆ ಮಿತಿ ಇರುತ್ತದೆ. ನೋಂದಣಿಗೆ ಅವಧಿಯೂ ಇದ್ದು, ಅವಧಿ ಮುಗಿದ ನೋಂದಣಿಯ ಮೇಲೆ ಹಾಕಿದ ಸಹಿಯಿಂದ ಅರ್ಜಿ ತಿರಸ್ಕೃತವಾಗಬಹುದು.

(ಇ) ಹೊಣೆ: ನಕ್ಷೆ, ರಚನಾ ವಿನ್ಯಾಸ ಹಾಗೂ ಮೇಲ್ವಿಚಾರಣೆಗೆ ಸಹಿ ಹಾಕಿದ ವ್ಯಕ್ತಿಯು ಅದರ ಹೊಣೆಗಾರರಾಗಿರುತ್ತಾರೆ. ಈ ಹೊಣೆಯು ಸಂಘಕ್ಕೆ ವರ್ಗಾವಣೆಯಾಗುವುದಿಲ್ಲ. ಮಂಜೂರಾದ ನಕ್ಷೆಯನ್ನು ಮೀರಿ ಕಟ್ಟಿದಲ್ಲಿ ಮಾಲೀಕರೂ ಹೊಣೆಗಾರರಾಗುತ್ತಾರೆ.

ವಾಸ್ತುಶಿಲ್ಪಿಗಳ ವಿಷಯ ಇದಕ್ಕಿಂತ ಭಿನ್ನ. ವಾಸ್ತುಶಿಲ್ಪಿಗಳ ಅಧಿನಿಯಮ, 1972ರ ಪ್ರಕಾರ ವಾಸ್ತುಶಿಲ್ಪ ಪರಿಷತ್ತಿನಲ್ಲಿ ನೋಂದಾಯಿತರಾದವರು ಮಾತ್ರ ಆರ್ಕಿಟೆಕ್ಟ್ ಎಂಬ ಪದನಾಮವನ್ನು ಬಳಸಬಹುದು. ಕಟ್ಟಡದ ರೂಪ ಮತ್ತು ಜಾಗದ ಹಂಚಿಕೆಯನ್ನು ವಾಸ್ತುಶಿಲ್ಪಿಯು ನಿರ್ಧರಿಸಿದರೂ, ಕಂಬ, ತೊಲೆ, ತಾರಸಿ ಮತ್ತು ಪಾಯದ ಲೆಕ್ಕಾಚಾರವನ್ನು ರಚನಾ ಇಂಜಿನಿಯರ್ ಮಾಡತಕ್ಕದ್ದು.

5. ಯಾವ ಪ್ರದೇಶಕ್ಕೆ ಯಾವ ಪ್ರಾಧಿಕಾರ

ಹೊರ ಬೆಂಗಳೂರಿನಲ್ಲಿ ಒಂದೇ ರಸ್ತೆಯ ಎರಡು ಬದಿಗಳು ಬೇರೆ ಬೇರೆ ಪ್ರಾಧಿಕಾರಗಳ ವ್ಯಾಪ್ತಿಗೆ ಸೇರಿರುವುದುಂಟು. ಇಂಜಿನಿಯರನ್ನು ಗೊತ್ತುಪಡಿಸುವ ಮುನ್ನ ಸ್ವತ್ತು ಯಾವ ವ್ಯಾಪ್ತಿಯಲ್ಲಿದೆ ಎಂಬುದನ್ನು ಖಾತಾ ಅಥವಾ ಹಂಚಿಕೆ ಪತ್ರದಿಂದ ಖಚಿತಪಡಿಸಿಕೊಳ್ಳಬೇಕು.

ವೈಟ್‌ಫೀಲ್ಡ್: ಮಹದೇವಪುರ ಭಾಗವು 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿತು. ಗ್ರೇಟರ್ ಬೆಂಗಳೂರು ಆಡಳಿತ ಅಧಿನಿಯಮ, 2024ರ ಅನ್ವಯ 2025ರ ಸೆಪ್ಟೆಂಬರ್‌ನಲ್ಲಿ ಐದು ನಗರ ಪಾಲಿಕೆಗಳು ರಚನೆಯಾದ ನಂತರ ಈ ಭಾಗವು ಬೆಂಗಳೂರು ಪೂರ್ವ ನಗರ ಪಾಲಿಕೆಯ ವ್ಯಾಪ್ತಿಗೆ ಬಂದಿದೆ. ಇಲ್ಲಿನ ರಫ್ತು ಉತ್ತೇಜನ ಕೈಗಾರಿಕಾ ಪಾರ್ಕನ್ನು ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯು ಅಭಿವೃದ್ಧಿಪಡಿಸಿದ್ದು, ಅಲ್ಲಿನ ನಿವೇಶನದಾರರು ಮೊದಲು ಮಂಡಳಿಯ ಹಂಚಿಕೆ ಷರತ್ತುಗಳನ್ನು ಪರಿಶೀಲಿಸಬೇಕು.

ಎಲೆಕ್ಟ್ರಾನಿಕ್ ಸಿಟಿ: ಕಿಯೋನಿಕ್ಸ್ ಸಂಸ್ಥೆಯು 1970ರ ದಶಕದ ಕೊನೆಯಲ್ಲಿ ಅಭಿವೃದ್ಧಿಪಡಿಸಲು ಆರಂಭಿಸಿದ ಈ ಪ್ರದೇಶಕ್ಕಾಗಿ 2013ರಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿ ಕೈಗಾರಿಕಾ ಟೌನ್‌ಶಿಪ್ ಪ್ರಾಧಿಕಾರ ರಚನೆಯಾಯಿತು. ಟೌನ್‌ಶಿಪ್ ಗಡಿಯ ಹೊರಗಿರುವ ಬಡಾವಣೆಗಳು ಈ ಪ್ರಾಧಿಕಾರದ ವ್ಯಾಪ್ತಿಗೆ ಬರುವುದಿಲ್ಲ. ವಿಳಾಸದಲ್ಲಿ ಎಲೆಕ್ಟ್ರಾನಿಕ್ ಸಿಟಿ ಎಂದು ಇದ್ದ ಮಾತ್ರಕ್ಕೆ ಅರ್ಜಿಯನ್ನು ಅಲ್ಲಿಗೆ ಸಲ್ಲಿಸಬಾರದು.

ಪೀಣ್ಯ: ಸಣ್ಣ ಕೈಗಾರಿಕೆಗಳು ದಟ್ಟವಾಗಿರುವ ಈ ಪ್ರದೇಶದಲ್ಲಿ ಸ್ಥಳೀಯ ಪ್ರಾಧಿಕಾರದ ನಕ್ಷೆ ಮಂಜೂರಾತಿಯ ಜೊತೆಗೆ, ಕಾರ್ಖಾನೆಯಾಗಿ ಬಳಸುವ ಕಟ್ಟಡಗಳಿಗೆ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯ ನಿಯಮಗಳೂ ಅನ್ವಯಿಸುತ್ತವೆ.

6. ಇಂಜಿನಿಯರ್ ಸಹಿಯ ಮಹತ್ವ

ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು 2024ರಲ್ಲಿ ‘ನಂಬಿಕೆ ನಕ್ಷೆ’ ಯೋಜನೆಯನ್ನು ಜಾರಿಗೆ ತಂದಿತು. 50x80 ಅಡಿವರೆಗಿನ ನಿವೇಶನದಲ್ಲಿ ನಾಲ್ಕು ಮನೆಗಳವರೆಗಿನ ವಾಸದ ಕಟ್ಟಡಗಳಿಗೆ, ನೋಂದಾಯಿತ ವಾಸ್ತುಶಿಲ್ಪಿ ಅಥವಾ ಇಂಜಿನಿಯರ್ ಮೂಲಕ ಆನ್‌ಲೈನ್‌ನಲ್ಲಿ ತಾತ್ಕಾಲಿಕ ನಕ್ಷೆಯನ್ನು ಕೂಡಲೇ ಪಡೆದು, ನಂತರ ಅಧಿಕಾರಿಗಳ ಪರಿಶೀಲನೆಗೆ ಒಳಪಡಿಸುವುದು ಇದರ ಕ್ರಮ. ಇದರಿಂದ ಅರ್ಜಿದಾರರ ಅಲೆದಾಟ ತಪ್ಪುತ್ತದೆ. ಆದರೆ ಪರಿಶೀಲನೆ ನಂತರ ನಡೆಯುವುದರಿಂದ, ಮೊದಲು ಸಹಿ ಹಾಕುವವರ ಜವಾಬ್ದಾರಿ ಹೆಚ್ಚಾಗುತ್ತದೆ. ದಾಖಲೆಗಳು ಸರಿಯಿಲ್ಲವೆಂದು ಅನಂತರ ಕಂಡುಬಂದಲ್ಲಿ ನಷ್ಟಕ್ಕೆ ಒಳಗಾಗುವವರು ಮಾಲೀಕರೇ ಆಗಿರುತ್ತಾರೆ.

ಈ ಎಚ್ಚರಿಕೆಗೆ ಕಾರಣಗಳಿವೆ. 1983ರ ಸೆಪ್ಟೆಂಬರ್ 12ರಂದು ಬೆಂಗಳೂರಿನ ಸುಬೇದಾರ್ ಛತ್ರಂ ರಸ್ತೆಯಲ್ಲಿ ನಿರ್ಮಾಣ ಹಂತದಲ್ಲಿದ್ದ ಗಂಗಾರಾಮ್ ಕಟ್ಟಡ ಕುಸಿದು 123 ಮಂದಿ ಮೃತಪಟ್ಟರು. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ವಾಣಿಜ್ಯ ಕಟ್ಟಡ ಕುಸಿದು 19 ಮಂದಿ ಮೃತಪಟ್ಟರು. 2024ರ ಅಕ್ಟೋಬರ್ 22ರಂದು ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ನಿರ್ಮಾಣ ಹಂತದ ಬಹುಮಹಡಿ ಕಟ್ಟಡ ಕುಸಿದು ಅಲ್ಲಿ ದುಡಿಯುತ್ತಿದ್ದ ಹಲವು ಕಾರ್ಮಿಕರು ಜೀವ ಕಳೆದುಕೊಂಡರು. ಕಟ್ಟಡ ಕಟ್ಟುವವರು, ಅದರಲ್ಲಿ ವಾಸಿಸುವವರು ಹಾಗೂ ಪಕ್ಕದ ಮನೆಯವರು ಇವರೆಲ್ಲರ ಜೀವವೂ ಕಾಗದದ ಮೇಲಿನ ಲೆಕ್ಕಾಚಾರ ಮತ್ತು ಸ್ಥಳದಲ್ಲಿನ ಮೇಲ್ವಿಚಾರಣೆಯನ್ನು ಅವಲಂಬಿಸಿರುತ್ತದೆ.

7. ಕೈಗಾರಿಕಾ ಮತ್ತು ಐ.ಟಿ. ಪ್ರದೇಶಗಳಲ್ಲಿ ವಿಶೇಷವಾಗಿ ಗಮನಿಸಬೇಕಾದ ಅಂಶಗಳು

(ಅ) ಬಳಕೆಯ ಬದಲಾವಣೆ: ಭಾರತೀಯ ಮಾನಕ ಐ.ಎಸ್. 875 (ಭಾಗ 2) ಪ್ರಕಾರ ವಾಸದ ಕೊಠಡಿಯ ನೆಲವನ್ನು ಪ್ರತಿ ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಸುಮಾರು 200 ಕಿಲೋಗ್ರಾಂ ಬಳಕೆಯ ಭಾರಕ್ಕೆ ವಿನ್ಯಾಸಗೊಳಿಸಲಾಗುತ್ತದೆ. ಯಂತ್ರಗಳಿರುವ ಕಾರ್ಯಾಗಾರಕ್ಕೆ, ಯಂತ್ರಗಳು ಹಗುರವಾಗಿದ್ದರೂ, ಇದು 5 ಕಿಲೋನ್ಯೂಟನ್ ಆಗಿದ್ದು, ಭಾರೀ ಯಂತ್ರಗಳಿಗೆ 10 ಕಿಲೋನ್ಯೂಟನ್‌ವರೆಗೆ ಇರುತ್ತದೆ. ಆದ್ದರಿಂದ ವಾಸದ ಮನೆಯ ಮೇಲ್ಮಹಡಿಯಲ್ಲಿ ಲೇತ್ ಅಥವಾ ಪ್ರೆಸ್ ಯಂತ್ರವನ್ನು ಅಳವಡಿಸುವುದು ಅಪಾಯಕರ. ಯಂತ್ರದ ತೂಕದ ಜೊತೆಗೆ ಅದರ ಕಂಪನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

(ಆ) ಹೆಚ್ಚುವರಿ ಮಹಡಿ: ಐ.ಟಿ. ಕಚೇರಿಗಳ ಆಸುಪಾಸಿನಲ್ಲಿ ಪೇಯಿಂಗ್ ಗೆಸ್ಟ್ ವಸತಿಗೃಹಗಳಿಗಾಗಿ ಇರುವ ಮನೆಯ ಮೇಲೆ ಮಹಡಿಗಳನ್ನು ಏರಿಸುವುದು ಕಂಡುಬರುತ್ತದೆ. ಎರಡು ಮಹಡಿಗೆಂದು ಹಾಕಿದ ಪಾಯ ಮತ್ತು ಕಂಬಗಳು ನಾಲ್ಕು ಮಹಡಿಯನ್ನು ಹೊರುತ್ತವೆಯೇ ಎಂಬುದನ್ನು ಕಣ್ಣಳತೆಯಿಂದ ಹೇಳಲಾಗದು. ಹಳೆಯ ರಚನಾ ನಕ್ಷೆಗಳ ಪರಿಶೀಲನೆ, ಕಾಂಕ್ರೀಟ್ ಪರೀಕ್ಷೆ ಹಾಗೂ ಪಾಯದ ತಪಾಸಣೆಯ ನಂತರವೇ ರಚನಾ ಇಂಜಿನಿಯರ್ ಅಭಿಪ್ರಾಯ ನೀಡಬೇಕು. ಬಳಿಕ ಪರಿಷ್ಕೃತ ನಕ್ಷೆಗೆ ಮಂಜೂರಾತಿ ಪಡೆಯತಕ್ಕದ್ದು.

(ಇ) ನೀರಿನ ಟ್ಯಾಂಕ್: 5,000 ಲೀಟರ್ ನೀರಿನ ತೂಕವೇ 5 ಟನ್. ಬಾಡಿಗೆದಾರರು ಹೆಚ್ಚಾದಂತೆ ತಾರಸಿಯ ಮೇಲೆ ಟ್ಯಾಂಕ್‌ಗಳನ್ನು ಸೇರಿಸುತ್ತಾ ಹೋಗುವ ಮುನ್ನ ಇಂಜಿನಿಯರ್ ಸಲಹೆ ಪಡೆಯಬೇಕು.

(ಈ) ಮಣ್ಣಿನ ಪರೀಕ್ಷೆ: ಕೆರೆಯಂಗಳ, ರಾಜಕಾಲುವೆಯ ಅಂಚು ಹಾಗೂ ಮಣ್ಣು ತುಂಬಿಸಿ ಸಮತಟ್ಟು ಮಾಡಿದ ಜಾಗಗಳಲ್ಲಿ ನೆಲದ ಧಾರಣಾ ಸಾಮರ್ಥ್ಯವು ಪಕ್ಕದ ನಿವೇಶನಕ್ಕಿಂತ ಬಹಳ ಕಡಿಮೆ ಇರಬಹುದು. ನೆರೆಯವರ ಪಾಯದ ಆಳವನ್ನೇ ಅನುಸರಿಸುವುದು ಸರಿಯಲ್ಲ.

8. ಇಂಜಿನಿಯರನ್ನು ನೇಮಿಸುವಾಗ ಕೇಳಬೇಕಾದ ದಾಖಲೆಗಳು

1) ಪದವಿ ಅಥವಾ ಡಿಪ್ಲೊಮಾ ಪ್ರಮಾಣಪತ್ರ.
2) ಸಂಬಂಧಿಸಿದ ಪ್ರಾಧಿಕಾರದ ನೋಂದಣಿ ಸಂಖ್ಯೆ, ವರ್ಗ ಮತ್ತು ಅವಧಿ. ಇದನ್ನು ಪ್ರಾಧಿಕಾರದ ಪಟ್ಟಿಯೊಂದಿಗೆ ಹೋಲಿಸಿ ನೋಡಬೇಕು.
3) ವೃತ್ತಿಪರ ಸಂಘದ ಸದಸ್ಯತ್ವ ಸಂಖ್ಯೆ. ಇದನ್ನು ಸಂಘದ ಕಚೇರಿಯಲ್ಲಿ ವಿಚಾರಿಸಿ ಖಚಿತಪಡಿಸಿಕೊಳ್ಳಬಹುದು.
4) ಲಿಖಿತ ಕರಾರು. ವಿನ್ಯಾಸ ಮಾತ್ರವೇ, ಮೇಲ್ವಿಚಾರಣೆಯೂ ಸೇರಿದೆಯೇ, ಯಾವ ಯಾವ ಹಂತದಲ್ಲಿ ಸ್ಥಳಕ್ಕೆ ಭೇಟಿ ನೀಡಲಾಗುವುದು, ಶುಲ್ಕದ ಕಂತುಗಳೆಷ್ಟು ಎಂಬ ವಿವರಗಳು ಇದರಲ್ಲಿರಬೇಕು.
5) ಪಾವತಿಸಿದ ಶುಲ್ಕಕ್ಕೆ ರಸೀದಿ.
6) ಸಹಿ ಮಾಡಿದ ರಚನಾ ನಕ್ಷೆಗಳ ಪೂರ್ಣ ಪ್ರತಿ. ಮುಂದೆ ಮಹಡಿ ಏರಿಸುವಾಗ ಅಥವಾ ಸ್ವತ್ತನ್ನು ಮಾರಾಟ ಮಾಡುವಾಗ ಈ ಪ್ರತಿಯು ಅತ್ಯಗತ್ಯ.

ನಕ್ಷೆಗೆ ಸಹಿ ಮಾತ್ರ ಹಾಕಿಸಿಕೊಂಡು, ಉಳಿದೆಲ್ಲವನ್ನೂ ಮೇಸ್ತ್ರಿಗೆ ಬಿಡುವ ಪದ್ಧತಿಯಿಂದ ಶುಲ್ಕದಲ್ಲಿ ಅಲ್ಪ ಉಳಿತಾಯವಾಗಬಹುದು. ಆದರೆ ಕಂಬಿಯ ಜೋಡಣೆಯನ್ನು ಕಾಂಕ್ರೀಟ್ ಹಾಕಿದ ಮೇಲೆ ನೋಡಲು ಸಾಧ್ಯವಿಲ್ಲ. ಆದ್ದರಿಂದ ಪಾಯ, ಕಂಬ ಹಾಗೂ ಪ್ರತಿ ತಾರಸಿಯ ಕಾಂಕ್ರೀಟ್‌ಗೆ ಮುನ್ನ ಇಂಜಿನಿಯರ್ ಖುದ್ದು ಪರಿಶೀಲಿಸಿ ದಿನಾಂಕ ಸಹಿತ ಟಿಪ್ಪಣಿ ನೀಡುವಂತೆ ಕರಾರಿನಲ್ಲಿ ಸೇರಿಸುವುದು ಸೂಕ್ತ.

9. ನಿರ್ಮಾಣದ ಹಂತದಲ್ಲಿ ಮಾಲೀಕರು ಗಮನಿಸಬಹುದಾದ ಅಂಶಗಳು

ಐ.ಎಸ್. 456:2000 ಸಂಹಿತೆಯ ಕೆಲವು ಅಂಶಗಳನ್ನು ತಾಂತ್ರಿಕ ಜ್ಞಾನವಿಲ್ಲದವರೂ ಪರಿಶೀಲಿಸಬಹುದು.

• ಕಾಂಕ್ರೀಟ್ ಮಾದರಿ: 1ರಿಂದ 5 ಘನ ಮೀಟರ್ ಕಾಂಕ್ರೀಟ್‌ಗೆ ಒಂದು, 6ರಿಂದ 15 ಘನ ಮೀಟರ್‌ಗೆ ಎರಡು ಹಾಗೂ 16ರಿಂದ 30 ಘನ ಮೀಟರ್‌ಗೆ ಮೂರು ಮಾದರಿಗಳನ್ನು ತೆಗೆಯಬೇಕು. ಪ್ರತಿ ಮಾದರಿಯಲ್ಲಿ ಮೂರು ಘನಾಕೃತಿಯ ಅಚ್ಚುಗಳಿದ್ದು, 28 ದಿನಗಳ ನಂತರ ಪ್ರಯೋಗಾಲಯದಲ್ಲಿ ಪರೀಕ್ಷಿಸಲಾಗುತ್ತದೆ. ವರದಿಯ ಪ್ರತಿಯನ್ನು ಮಾಲೀಕರು ಪಡೆದುಕೊಳ್ಳಬೇಕು.
• ಕ್ಯೂರಿಂಗ್: ಸಾಧಾರಣ ಪೋರ್ಟ್‌ಲ್ಯಾಂಡ್ ಸಿಮೆಂಟ್ ಬಳಸಿದಲ್ಲಿ ಕನಿಷ್ಠ 7 ದಿನ, ಮಿಶ್ರ ಸಿಮೆಂಟ್ ಬಳಸಿದಲ್ಲಿ ಕನಿಷ್ಠ 10 ದಿನ ಕಾಂಕ್ರೀಟನ್ನು ತೇವವಾಗಿ ಇಡಬೇಕು.
• ಸೆಂಟ್ರಿಂಗ್ ಆಧಾರಗಳು: ಸಾಧಾರಣ ಪೋರ್ಟ್‌ಲ್ಯಾಂಡ್ ಸಿಮೆಂಟ್ ಬಳಸಿ ಸರಿಯಾಗಿ ಕ್ಯೂರಿಂಗ್ ಮಾಡಿದ 4.5 ಮೀಟರ್‌ವರೆಗಿನ ಅಂತರದ ತಾರಸಿಗೆ 7 ದಿನ, ಅದಕ್ಕಿಂತ ಹೆಚ್ಚಿನ ಅಂತರಕ್ಕೆ 14 ದಿನ ಆಧಾರಗಳನ್ನು ತೆಗೆಯಬಾರದು. 6 ಮೀಟರ್‌ವರೆಗಿನ ತೊಲೆಗಳಿಗೆ 14 ದಿನ, ಅದಕ್ಕಿಂತ ಉದ್ದದ ತೊಲೆಗಳಿಗೆ 21 ದಿನ ಬಿಡಬೇಕು. ಮಿಶ್ರ ಸಿಮೆಂಟ್ ಬಳಸಿದಲ್ಲಿ ಈ ಅವಧಿಯನ್ನು ಇಂಜಿನಿಯರ್ ಸೂಚಿಸಿದಂತೆ ಹೆಚ್ಚಿಸಬೇಕಾಗಬಹುದು. ಮೇಲಿನ ಮಹಡಿಯ ಕೆಲಸಕ್ಕೆ ಆಧಾರಗಳು ಬೇಕೆಂಬ ಕಾರಣಕ್ಕೆ ಮುಂಚಿತವಾಗಿ ಬಿಚ್ಚಲು ಒಪ್ಪಬಾರದು.

ಕಟ್ಟಡ ಪೂರ್ಣಗೊಂಡ ನಂತರ ಮುಕ್ತಾಯ ವರದಿ ಸಲ್ಲಿಸಿ ಸ್ವಾಧೀನಾನುಭವ ಪತ್ರವನ್ನು ಪಡೆಯತಕ್ಕದ್ದು. ಈ ಪತ್ರವನ್ನು ಪರಿಶೀಲಿಸಿದ ನಂತರವೇ ವಿದ್ಯುತ್ ಮತ್ತು ನೀರಿನ ಸಂಪರ್ಕ ನೀಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2024ರ ಡಿಸೆಂಬರ್ 17ರಂದು ನಿರ್ದೇಶನ ನೀಡಿದೆ. 1,200 ಚದರ ಅಡಿವರೆಗಿನ ನಿವೇಶನದಲ್ಲಿನ ಸಣ್ಣ ವಾಸದ ಕಟ್ಟಡಗಳಿಗೆ ರಾಜ್ಯ ಸರ್ಕಾರವು 2025ರಲ್ಲಿ ಷರತ್ತುಬದ್ಧ ವಿನಾಯಿತಿ ನೀಡಿದ್ದು, ತಮ್ಮ ಕಟ್ಟಡಕ್ಕೆ ಇದು ಅನ್ವಯಿಸುವುದೇ ಎಂಬುದನ್ನು ಅರ್ಜಿದಾರರು ಸ್ಥಳೀಯ ಕಚೇರಿಯಲ್ಲಿ ವಿಚಾರಿಸಬೇಕು. ಈ ವಿನಾಯಿತಿಯು ಸ್ವಾಧೀನಾನುಭವ ಪತ್ರಕ್ಕೆ ಮಾತ್ರ ಸಂಬಂಧಿಸಿದ್ದು, ಕಟ್ಟಡದ ಸದೃಢತೆಯ ಹೊಣೆಯಿಂದ ಯಾರನ್ನೂ ಮುಕ್ತಗೊಳಿಸುವುದಿಲ್ಲ.

10. ದೂರು ಸಲ್ಲಿಸುವ ವಿಧಾನ

(ಅ) ವೃತ್ತಿ ದುರ್ನಡತೆ: ಸದಸ್ಯತ್ವ ನೀಡಿದ ಸಂಘಕ್ಕೆ ದಾಖಲೆಗಳೊಂದಿಗೆ ಲಿಖಿತ ದೂರು ನೀಡಬಹುದು. ಸಂಘವು ತನ್ನ ನಿಯಮಾವಳಿಯ ಮಿತಿಯಲ್ಲಿ ಸದಸ್ಯತ್ವಕ್ಕೆ ಸಂಬಂಧಿಸಿದ ಕ್ರಮವನ್ನು ಮಾತ್ರ ಕೈಗೊಳ್ಳಬಲ್ಲದು. ಪರಿಹಾರ ಕೊಡಿಸುವ ಅಧಿಕಾರ ಅದಕ್ಕಿಲ್ಲ.

(ಆ) ನೋಂದಣಿಗೆ ಸಂಬಂಧಿಸಿದ ದೂರು: ಸುಳ್ಳು ಮಾಹಿತಿ, ಅವಧಿ ಮುಗಿದ ನೋಂದಣಿ ಅಥವಾ ಬೇರೊಬ್ಬರ ಹೆಸರಿನಲ್ಲಿ ಸಹಿ ಮಾಡಿದ ಪ್ರಕರಣಗಳನ್ನು ನೋಂದಣಿ ನೀಡಿದ ಪ್ರಾಧಿಕಾರದ ಗಮನಕ್ಕೆ ತರಬೇಕು.

(ಇ) ಸೇವಾ ನ್ಯೂನತೆ: ಶುಲ್ಕ ಪಡೆದು ಸರಿಯಾದ ಸೇವೆ ನೀಡದಿದ್ದಲ್ಲಿ ಗ್ರಾಹಕರ ಸಂರಕ್ಷಣಾ ಅಧಿನಿಯಮ, 2019ರ ಅಡಿ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸಬಹುದು. ವ್ಯಾಜ್ಯ ಕಾರಣ ಉದ್ಭವಿಸಿದ ದಿನದಿಂದ 2 ವರ್ಷದೊಳಗೆ ದೂರು ದಾಖಲಿಸತಕ್ಕದ್ದು. ಈ ಸಂದರ್ಭದಲ್ಲಿ ಲಿಖಿತ ಕರಾರು ಮತ್ತು ರಸೀದಿಗಳು ಮುಖ್ಯ ಸಾಕ್ಷ್ಯಗಳಾಗುತ್ತವೆ.

(ಈ) ಅಪಾರ್ಟ್‌ಮೆಂಟ್ ಖರೀದಿದಾರರು: ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಅಧಿನಿಯಮ, 2016ರ ಪ್ರಕಾರ, ಸ್ವಾಧೀನ ನೀಡಿದ ದಿನದಿಂದ 5 ವರ್ಷದೊಳಗೆ ಕಂಡುಬಂದ ರಚನಾ ದೋಷವನ್ನು, ಅದನ್ನು ಪ್ರವರ್ತಕರ ಗಮನಕ್ಕೆ ತಂದಲ್ಲಿ, ಅವರು 30 ದಿನಗಳೊಳಗೆ ಉಚಿತವಾಗಿ ಸರಿಪಡಿಸಬೇಕು. ಖರೀದಿದಾರರಿಂದ ಸಂಗ್ರಹಿಸಿದ ಹಣದ ಶೇಕಡ 70ರಷ್ಟನ್ನು ಪ್ರತ್ಯೇಕ ಖಾತೆಯಲ್ಲಿ ಇಡಬೇಕಾಗಿದ್ದು, ಕಾಮಗಾರಿಯ ಪ್ರಗತಿಗೆ ತಕ್ಕಂತೆ ಮಾತ್ರ ಅದನ್ನು ಹಿಂಪಡೆಯಲು ಇಂಜಿನಿಯರ್, ವಾಸ್ತುಶಿಲ್ಪಿ ಮತ್ತು ಲೆಕ್ಕ ಪರಿಶೋಧಕರ ಪ್ರಮಾಣಪತ್ರ ಅಗತ್ಯ. ಹೀಗಾಗಿ ಇಂಜಿನಿಯರ್ ಸಹಿಯು ಖರೀದಿದಾರರ ಹಣಕ್ಕೂ ಕಾವಲಾಗಿರುತ್ತದೆ.

11. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಸಂಘದ ಸದಸ್ಯರಲ್ಲದ ಇಂಜಿನಿಯರ್ ನಕ್ಷೆಗೆ ಸಹಿ ಹಾಕಬಹುದೇ?
ಉತ್ತರ: ಸಂಬಂಧಿಸಿದ ಪ್ರಾಧಿಕಾರದಲ್ಲಿ ಚಾಲ್ತಿ ನೋಂದಣಿ ಇದೆಯೇ ಎಂಬುದೇ ಮುಖ್ಯ. ಸಂಘದ ಸದಸ್ಯತ್ವವು ನೋಂದಣಿಗೆ ಪರ್ಯಾಯವಲ್ಲ.

ಪ್ರಶ್ನೆ: ಸಂಘವು ನನಗೆ ಇಂಜಿನಿಯರನ್ನು ಒದಗಿಸುವುದೇ?
ಉತ್ತರ: ಸದಸ್ಯರ ವಿವರಗಳನ್ನು ವಿಚಾರಿಸಬಹುದು. ಆಯ್ಕೆ ಮತ್ತು ಕರಾರು ಅರ್ಜಿದಾರರಿಗೆ ಬಿಟ್ಟದ್ದು.

ಪ್ರಶ್ನೆ: ಗುತ್ತಿಗೆದಾರರೇ ತಮ್ಮ ಇಂಜಿನಿಯರನ್ನು ಕರೆತಂದರೆ ಸಾಲದೇ?
ಉತ್ತರ: ಗುತ್ತಿಗೆದಾರರ ಕೆಲಸವನ್ನು ಪರಿಶೀಲಿಸುವವರು ಅವರಿಂದಲೇ ವೇತನ ಪಡೆಯುವವರಾಗಿದ್ದಲ್ಲಿ ಪರಿಶೀಲನೆ ನಿಷ್ಪಕ್ಷಪಾತವಾಗಿರುವುದು ಕಷ್ಟ. ಮಾಲೀಕರೇ ಪ್ರತ್ಯೇಕವಾಗಿ ನೇಮಿಸಿಕೊಳ್ಳುವುದು ಉತ್ತಮ.

ಪ್ರಶ್ನೆ: ಕಾಮಗಾರಿಯ ಮಧ್ಯದಲ್ಲಿ ಇಂಜಿನಿಯರ್ ಬದಲಾದರೆ ಏನು ಮಾಡಬೇಕು?
ಉತ್ತರ: ಪ್ರಾಧಿಕಾರಕ್ಕೆ ಕೂಡಲೇ ಲಿಖಿತವಾಗಿ ತಿಳಿಸಿ, ಹೊಸ ಇಂಜಿನಿಯರ್ ಹೊಣೆ ವಹಿಸಿಕೊಳ್ಳುವವರೆಗೆ ಕಾಮಗಾರಿಯನ್ನು ನಿಲ್ಲಿಸುವುದು ಸೂಕ್ತ.

ಪ್ರಶ್ನೆ: ಪಕ್ಕದ ನಿವೇಶನದಲ್ಲಿ ನೆಲಮಾಳಿಗೆಗಾಗಿ ಆಳವಾಗಿ ಅಗೆಯುತ್ತಿದ್ದು, ನಮ್ಮ ಗೋಡೆಯಲ್ಲಿ ಬಿರುಕು ಕಾಣಿಸಿದೆ. ಯಾರನ್ನು ಸಂಪರ್ಕಿಸಬೇಕು?
ಉತ್ತರ: ಮೊದಲು ಮನೆಯವರನ್ನು ಸುರಕ್ಷಿತ ಸ್ಥಳಕ್ಕೆ ಕರೆದೊಯ್ಯಿರಿ. ಬಿರುಕುಗಳ ಛಾಯಾಚಿತ್ರವನ್ನು ದಿನಾಂಕದೊಂದಿಗೆ ತೆಗೆದು ಸ್ಥಳೀಯ ಪ್ರಾಧಿಕಾರದ ಅಭಿಯಂತರರಿಗೆ ದೂರು ನೀಡಿ. ರಚನಾ ಇಂಜಿನಿಯರ್ ಒಬ್ಬರಿಂದ ಪ್ರತ್ಯೇಕ ವರದಿಯನ್ನೂ ಪಡೆಯಿರಿ.

12. ಸೂಚನೆ

ಈ ಮಾಹಿತಿಯನ್ನು ಸಾರ್ವಜನಿಕರ ಅನುಕೂಲಕ್ಕಾಗಿ ನೀಡಲಾಗಿದ್ದು, ಅಧಿನಿಯಮ, ನಿಯಮ ಮತ್ತು ಉಪವಿಧಿಗಳ ಮೂಲ ಪಾಠವೇ ಅಂತಿಮವಾಗಿರುತ್ತದೆ. ಅರ್ಜಿದಾರರು ಮಧ್ಯವರ್ತಿಗಳನ್ನು ಅವಲಂಬಿಸದೆ ಸಂಬಂಧಿಸಿದ ಕಚೇರಿಯನ್ನು ನೇರವಾಗಿ ಸಂಪರ್ಕಿಸಬೇಕು. ಸಹಿ ಹಾಕುವ ಇಂಜಿನಿಯರನ್ನು ಖುದ್ದು ಭೇಟಿಯಾಗದೆ ಯಾವುದೇ ನಕ್ಷೆಯನ್ನು ಸಲ್ಲಿಸಬಾರದೆಂದು ಕೋರಲಾಗಿದೆ.